60 ದಿನದ ಹೋಮ್ ವರ್ಕೌಟಾ, ಜಿಮ್ಮಾ, ಗರಡಿ ಸಾಮಾ? ಯಾರಿಗೆ ಯಾವುದು ಸರಿ

ಜನವರಿ ಬಂತು ಅಂದರೆ ಒಂದು ಸಲ, ಮನೆಯಲ್ಲಿ ಮದುವೆ ಗೊತ್ತಾದರೆ ಇನ್ನೊಂದು ಸಲ, ರಕ್ತ ಪರೀಕ್ಷೆ ಚೀಟಿಯಲ್ಲಿ ಶುಗರ್ ಗಡಿ ಮುಟ್ಟಿದ್ದು ಕಂಡರೆ ಮತ್ತೊಂದು ಸಲ ಈ ಪ್ರಶ್ನೆ ಏಳುತ್ತದೆ. ಮನೆಯಲ್ಲೇ ಮಾಡುವ ಆ ಜೋರಾದ 60 ದಿನದ, 90 ದಿನದ ಪ್ರೋಗ್ರಾಂ ಶುರು ಮಾಡಲಾ? ಜಿಮ್‌ಗೆ ದುಡ್ಡು ಕಟ್ಟಲಾ? ಇಲ್ಲ ಸುಮ್ನೆ ಬೆಳಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗಿ ಬಂದರೆ ಸಾಕಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈಗಾಗಲೇ ವಾರಕ್ಕೆ ಮೂರು ದಿನವಾದರೂ ಮೈ ಬೆವರುವಂಥದ್ದು ಏನೋ ಮಾಡುತ್ತಿದ್ದೀರಿ, ಮೊಣಕಾಲು ಸೊಂಟ ತಕರಾರು ಮಾಡುತ್ತಿಲ್ಲ, ದಿನಕ್ಕೆ ಒಂದು ಗಂಟೆ ಯಾರೂ ನಿಮ್ಮನ್ನು ಕರೆಯದ ಹಾಗೆ ಸಿಗುತ್ತದೆ, ಈ ಮೂರೂ ಇದ್ದರೆ ಶುರು ಮಾಡಿ, ಯಾರ ಮಾತೂ ಕೇಳಬೇಡಿ. ಒಂದು ತಪ್ಪಿದರೂ ಈಗ ಬೇಡ. ಕೆಳಗೆ ಹೇಳುವ ಬೇರೆ ದಾರಿ ಹಿಡಿದು, ಎರಡು ಮೂರು ತಿಂಗಳ ಮೇಲೆ ಮತ್ತೆ ಯೋಚಿಸಿ.

ಆ ಪ್ರೋಗ್ರಾಂಗಳಲ್ಲಿ ಇರೋದಾದರೂ ಏನು

ಇವುಗಳಲ್ಲಿ ಹೆಸರು ಮಾಡಿದವು ಎರಡು, ಪಿ90ಎಕ್ಸ್ ಮತ್ತು ಇನ್‌ಸ್ಯಾನಿಟಿ. ಎರಡೂ ಅಮೆರಿಕದ ಬೀಚ್‌ಬಾಡಿ ಕಂಪನಿಯವು. ಪಿ90ಎಕ್ಸ್‌ನಲ್ಲಿ ಹೇಳಿಕೊಡುವವನು ಟೋನಿ ಹಾರ್ಟನ್, ಅವಧಿ 90 ದಿನ. ದಿನಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ, ಯೋಗದ ದಿನ ಒಂದೂವರೆ ಗಂಟೆ. ಜೋತುಬಿದ್ದು ಮೈ ಎಳೆಯೋಕೆ ಒಂದು ರಾಡ್ ಬೇಕು, ಡಂಬೆಲ್ ಇಲ್ಲವೇ ರಬ್ಬರ್ ಬ್ಯಾಂಡ್ ಬೇಕು. ಇನ್‌ಸ್ಯಾನಿಟಿ 2009ರಲ್ಲಿ ಬಂತು, ಶಾನ್ ಟಿ ಮಾಡಿಸುತ್ತಾನೆ, ಅವಧಿ 60 ದಿನ. ಸಾಮಾನು ಏನೂ ಬೇಡ, ಆದರೆ ಜಿಗಿತವೇ ಜಿಗಿತ. ಬೇರೆ ಕಡೆ ಸ್ವಲ್ಪ ಹೊತ್ತು ಜೋರು ಮಾಡಿಸಿ ಜಾಸ್ತಿ ಹೊತ್ತು ಸುಧಾರಿಸಿಕೊಳ್ಳಲು ಬಿಟ್ಟರೆ, ಇಲ್ಲಿ ಅದು ಉಲ್ಟಾ. ಮೂರು ನಿಮಿಷ ಹತ್ತಿರ ಉಸಿರು ಕಟ್ಟಿಸಿ, ಅರ್ಧ ನಿಮಿಷ ಬಿಡುತ್ತಾನೆ. ಎರಡನ್ನೂ ಮಾಡಬೇಕಾದ್ದು ವಾರಕ್ಕೆ ಆರು ದಿನ. ಈಗ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವ ‘30 ದಿನದ ಚಾಲೆಂಜ್’ಗಳೆಲ್ಲ ಹೆಚ್ಚುಕಡಿಮೆ ಇವುಗಳದ್ದೇ ಸಂತಾನ.

ಇವುಗಳ ಒಳ್ಳೆಯ ಗುಣ ಒಪ್ಪಲೇಬೇಕು. ಇವತ್ತು ಏನು ಮಾಡಲಿ ಅಂತ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಕ್ಯಾಲೆಂಡರ್ ಹೇಳುತ್ತದೆ. ಪಿ90ಎಕ್ಸ್‌ನಲ್ಲಿ ನಾಲ್ಕನೇ, ಎಂಟನೇ, ಹದಿಮೂರನೇ ವಾರ ಹಗುರ, ಇನ್‌ಸ್ಯಾನಿಟಿಯಲ್ಲಿ ಎರಡು ತಿಂಗಳ ನಡುವೆ ಒಂದು ಸುಧಾರಿಸಿಕೊಳ್ಳುವ ವಾರ ಇದೆ. ಮಾಡಿದವರು ಕರೆಕ್ಟಾಗಿ ಲೆಕ್ಕ ಹಾಕಿಯೇ ಮಾಡಿದ್ದಾರೆ. ಬಹಳ ಜನ ಆ ಹಗುರ ವಾರವನ್ನೇ ‘ಟೈಮ್ ವೇಸ್ಟ್’ ಅಂತ ಹಾರಿಸಿಬಿಡುತ್ತಾರೆ, ಆಮೇಲೆ ಪ್ರೋಗ್ರಾಂಗೆ ಬೈಯುತ್ತಾರೆ.

ಆದರೆ ಅದೇ ಕ್ಯಾಲೆಂಡರ್ ಕೈ ಕೊಡುವುದೂ ಉಂಟು. ಅದು ಬರೆದವರಿಗೆ ನಮ್ಮ ಕಡೆಯ ಮದುವೆ ಗೊತ್ತಿಲ್ಲ. ಮೂರು ದಿನ ಮದುವೆ, ನಾಲ್ಕನೇ ದಿನ ಸತ್ಯನಾರಾಯಣ ಪೂಜೆ, ಐದನೇ ದಿನ ನೆಂಟರನ್ನು ಬಸ್ ಹತ್ತಿಸೋದು. ಐದು ದಿನ ತಪ್ಪಿತು ಅಂದರೆ ‘ಮತ್ತೆ ಮೊದಲಿಂದ ಮಾಡೋಣ’ ಅನ್ನಿಸುತ್ತದೆ, ಆ ಮೊದಲು ಬರೋದೇ ಇಲ್ಲ.

ಇನ್ನೊಂದು ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ ಮಾಡಬೇಕು, ಇಲ್ಲವೇ 75ರಿಂದ 150 ನಿಮಿಷ ಜೋರಿನದ್ದು. ಅದರ ಜೊತೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವಂಥದ್ದು. ಈ ಪ್ರೋಗ್ರಾಂಗಳನ್ನು ದಿನಕ್ಕೆ 45 ನಿಮಿಷ ಅಂತ ಹಿಡಿದರೂ ವಾರಕ್ಕೆ 270 ನಿಮಿಷ ಆಯಿತು. ಜಾಸ್ತಿ ಮಾಡೋದು ತಪ್ಪೇನಲ್ಲ. ಆದರೆ ನಿನ್ನೆಯವರೆಗೆ ಸೊನ್ನೆ ಇದ್ದವರು ಸೋಮವಾರದಿಂದ 270ಕ್ಕೆ ಹೋಗುತ್ತೇನೆ ಅಂದರೆ ಉಸಿರಿಗಿಂತ ಮೊದಲು ಕೀಲುಗಳು ಕೈ ಎತ್ತುತ್ತವೆ. ಉಸಿರು ಎರಡು ವಾರದಲ್ಲಿ ಸ್ವಲ್ಪ ಸುಧಾರಿಸುತ್ತದೆ. ಕೀಲು, ಅದನ್ನು ಹಿಡಿದಿಡುವ ಕಟ್ಟು, ಎಲುಬು ಗಟ್ಟಿಯಾಗೋಕೆ ತಿಂಗಳುಗಳೇ ಬೇಕು.

ಹಾಗೇ, ‘ನಾಲ್ಕು ನಿಮಿಷ ಸಾಕು’ ಅನ್ನುವ ತಬಾಟಾ ಬಗ್ಗೆ ಒಂದು ಮಾತು. ಜಪಾನಿನ ಇಜುಮಿ ತಬಾಟಾ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಪ್ರಯೋಗ ಅದು. 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸುತ್ತು. ಮಾಡಿದವರು ಆಟೋಟದಲ್ಲಿ ಪಳಗಿದ ಕಾಲೇಜು ಹುಡುಗರು, ಅದೂ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ, ಇನ್ನೊಂದು ಸುತ್ತು ತುಳಿಯಲು ಆಗೋದೇ ಇಲ್ಲ ಅನ್ನುವ ಮಟ್ಟದವರೆಗೆ. ನಾವು ಟಿವಿ ಮುಂದೆ ನಾಲ್ಕು ನಿಮಿಷ ಕೈಕಾಲು ಬೀಸಿ ಅದೇ ಫಲ ಕೇಳಿದರೆ ಹೇಗೆ?

ನಿಮ್ಮ ಹಾಲ್ ನೋಡಿ, ನಿಮ್ಮ ಊರು ನೋಡಿ

ಇದನ್ನು ಯಾರೂ ಹೇಳೋದಿಲ್ಲ, ಆದರೆ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ನಮ್ಮ ಕಡೆ ಹಳೆ ಮನೆಗಳಲ್ಲಿ ನೆಲ ಫರಸಿ, ಹೊಸ ಮನೆಗಳಲ್ಲಿ ಟೈಲ್ಸ್. ಎರಡೂ ಒಂಚೂರು ಬಗ್ಗೋದಿಲ್ಲ. ಇನ್‌ಸ್ಯಾನಿಟಿ ವಿಡಿಯೋದಲ್ಲಿ ಅವರು ಜಿಗಿಯೋದು ಮರದ ಹಲಗೆ ಹಾಸಿದ ನೆಲದ ಮೇಲೆ, ಒಳ್ಳೆಯ ಶೂ ಹಾಕಿಕೊಂಡು. ನೀವು ಬರಿಗಾಲಲ್ಲಿ ಯೋಗ ಮ್ಯಾಟ್ ಮೇಲೆ. ಆ ತೆಳು ಮ್ಯಾಟ್ ಜಿಗಿತಕ್ಕೆ ಮಾಡಿದ್ದೇ ಅಲ್ಲ. ಹತ್ತನೇ ಜಿಗಿತಕ್ಕೆ ಅದು ಟೈಲ್ಸ್ ಮೇಲೆ ನಾಲ್ಕು ಬೆರಳು ಮುಂದೆ ಸರಿದಿರುತ್ತದೆ, ಅಂಗಾಲಿನ ಕೆಳಗೆ ಮುದುರಿಕೊಂಡಿರುತ್ತದೆ, ಹಣೆಯಿಂದ ಬಿದ್ದ ಬೆವರಿಗೆ ಪಕ್ಕದ ನೆಲ ಜಾರುತ್ತಿರುತ್ತದೆ, ಅಷ್ಟರಲ್ಲಿ ಆ ಪುಣ್ಯಾತ್ಮ ‘ಇನ್ನೂ ಮೇಲೆ, ಇನ್ನೂ ಮೇಲೆ’ ಅಂತ ಕೂಗುತ್ತಿರುತ್ತಾನೆ. ಕಾಲು ಉಳುಕೋದು ಇಂಥ ಹೊತ್ತಿಗೇ.

ಶೂ ಹಾಕಿಕೊಳ್ಳಿ ಅಂತ ಹೇಳೋದು ಸುಲಭ. ನಮ್ಮ ಮನೆಗಳಲ್ಲಿ ಹಾಲ್‌ನಲ್ಲಿ, ಅದೂ ದೇವರ ಜಗಲಿ ಕಾಣುವ ಕಡೆ, ಬೂಟು ಹಾಕಿಕೊಂಡು ಕುಣಿದರೆ ಅವ್ವ ಸುಮ್ಮನಿರುತ್ತಾಳಾ? ಹೊರಗೆ ಒಂದು ಸಲವೂ ಹಾಕದ ಬೇರೆ ಜೋಡಿ ತಂದು, ಮೊದಲ ದಿನವೇ ಎಲ್ಲರಿಗೂ ತೋರಿಸಿ, ಒಳಗೇ ಒಂದು ಚೀಲದಲ್ಲಿ ಇಟ್ಟುಕೊಳ್ಳಿ. ಕೇಳೋಕೆ ಸಣ್ಣ ವಿಷಯ, ಆದರೆ ಈ ಜಗಳಕ್ಕೇ ನಿಂತುಹೋದ ಪ್ರೋಗ್ರಾಂ ನಾನು ಕಂಡಿದ್ದೇನೆ.

ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದರೆ ಇನ್ನೂ ಕಷ್ಟ. ವಿಜಯಪುರ ಜಿಲ್ಲೆಯಲ್ಲಿ ಮೊದಲೇ ಆಗಾಗ ಭೂಮಿ ನಡುಗಿದ ಸುದ್ದಿ ಬರುತ್ತಿರುತ್ತದೆ. ನಮ್ಮ ಪರಿಚಯದವರೊಬ್ಬರು ಬೆಳಗ್ಗೆ ಐದೂವರೆಗೆ ಜಿಗಿಯಲು ಶುರು ಮಾಡಿದ ದಿನ ಕೆಳಗಿನ ಮನೆಯ ಕಾಕಾ ಮೆಟ್ಟಿಲು ಹತ್ತಿ ಬಂದು, ‘ಏನ್ರಿ, ಮತ್ತ ಭೂಮಿ ನಡುಗಾಕ ಹತ್ತೇತೇನು?’ ಅಂತ ಕೇಳಿದರಂತೆ. ಅಲ್ಲಿಗೆ ಆ 60 ದಿನ ಮುಗಿಯಿತು.

ಇನ್ನು ಹವಾಮಾನ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ 40 ಡಿಗ್ರಿ ದಾಟುತ್ತದೆ, ರಾತ್ರಿಯಿಡೀ ಆರ್‌ಸಿಸಿ ಛಾವಣಿ ಬಿಸಿ ಉಗುಳುತ್ತಲೇ ಇರುತ್ತದೆ. ಬೆಳಗ್ಗೆ ಐದಕ್ಕೂ ಒಳಗೆ ಸೆಕೆ. ಕರೆಂಟ್ ಹೋದರಂತೂ ಕೇಳಲೇಬೇಡಿ. ಮಾಳಿಗೆ ಮೇಲೆ ಮಾಡೋಣ ಅಂದರೆ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಕೆಳಗಿಳಿಯಬೇಕು. ಹೀಗಾಗಿ ಈ ಎರಡು ಊರಿನವರಿಗೆ ನಾನು ಹೇಳೋದು, ಜೋರಿನ ಪ್ರೋಗ್ರಾಂ ಮಾಡೋದಿದ್ದರೆ ನವೆಂಬರ್‌ನಲ್ಲಿ ಹಿಡಿಯಿರಿ, ಫೆಬ್ರವರಿ ಒಳಗೆ ಮುಗಿಸಿ. ಬೆಳಗಾವಿಯವರ ಲೆಕ್ಕ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡೋದಿಲ್ಲ, ವ್ಯಾಕ್ಸಿನ್ ಡಿಪೋ ಮೈದಾನದ ಕಡೆ ವಾಕಿಂಗ್ ಹೋಗುವವರೂ ಮನೆ ಹಿಡಿಯುತ್ತಾರೆ. ಮನೆಯೊಳಗಿನ ಪ್ರೋಗ್ರಾಂಗೆ ಅದೇ ಒಳ್ಳೆಯ ಕಾಲ, ತಂಪೂ ಇರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಇರುವವರಿಗೆ ಮಾತ್ರ ಈ ನವೆಂಬರ್ ಲೆಕ್ಕ ಹೊಂದೋದಿಲ್ಲ. ಕಬ್ಬು ನುರಿಸುವ ಹಂಗಾಮು ಆಗಲೇ, ಶಿಫ್ಟ್ ಬದಲಾಗುತ್ತಲೇ ಇರುತ್ತದೆ, ನಿದ್ದೆಯೇ ಸರಿ ಇರೋದಿಲ್ಲ. ನಿದ್ದೆಗೆಟ್ಟು ಜಿಗಿಯೋದಕ್ಕಿಂತ ಮಲಗೋದು ಒಳ್ಳೆಯದು.

ತಟ್ಟೆಯ ಲೆಕ್ಕ

ತೂಕ ಇಳಿಸೋದೇ ಗುರಿ ಅಂದರೆ ಇಷ್ಟು ತಿಳಿದುಕೊಳ್ಳಿ. 70 ಕೆಜಿ ತೂಕದವರು ಅರ್ಧ ಗಂಟೆ ಜೋರಾಗಿ ಇಂಥ ವ್ಯಾಯಾಮ ಮಾಡಿದರೆ ಖರ್ಚಾಗೋದು ಸುಮಾರು 300 ಕ್ಯಾಲೊರಿ. ‘ಇಷ್ಟು ಬೆವರು ಸುರಿಸಿದ್ದೇನೆ’ ಅಂತ ಅಮೀನಗಡದ ಕರದಂಟಿನ ಒಂದು ದೊಡ್ಡ ತುಂಡು ಬಾಯಿಗೆ ಹಾಕಿದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು. ಜೋರಿನ ವ್ಯಾಯಾಮ ಮತ್ತು ನಿಧಾನದ ದೀರ್ಘ ವ್ಯಾಯಾಮ ಎರಡನ್ನೂ ಹೋಲಿಸಿದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೊಬ್ಬು ಕರಗೋದರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಜೋರಿನದರ ಲಾಭ ಅಂದರೆ ಸಮಯ ಉಳಿಯುತ್ತದೆ. ಹೊಟ್ಟೆ ಕರಗಲಿ ಅಂತ ಮಾತ್ರ ಮಾಡುವವರು ಮೊಣಕಾಲು ಒತ್ತೆ ಇಡಬೇಕಾಗಿಲ್ಲ.

ಪ್ರೋಟೀನ್ ವಿಷಯಕ್ಕೆ ಬಂದರೆ, ನಮ್ಮ ದೇಶದ ರಾಷ್ಟ್ರೀಯ ಪೋಷಣೆ ಸಂಸ್ಥೆ ಸಾಮಾನ್ಯ ಜನರಿಗೆ ಹೇಳಿದ್ದು ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ. 70 ಕೆಜಿಯವರಿಗೆ 58 ಗ್ರಾಂ. ಗಟ್ಟಿಯಾಗಿ ವ್ಯಾಯಾಮ ಮಾಡುವವರಿಗೆ ಕೆಜಿಗೆ 1.2ರಿಂದ 1.6 ಅಂತ ಹಿಡಿದರೆ 84ರಿಂದ 112 ಗ್ರಾಂ. ಜೋಳದ ರೊಟ್ಟಿ ಊಟದಿಂದ ಇದು ಆಗೋದಿಲ್ಲ ಅನ್ನೋದು ಸುಳ್ಳು, ಆದರೆ ತಾನಾಗೇ ಆಗೋದೂ ಇಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಒಣ ಹೆಸರುಕಾಳಿನಲ್ಲಿ 24 ಗ್ರಾಂ. ಮಡಕಿಕಾಳು, ಹೆಸರುಕಾಳಿನ ಪಲ್ಯವನ್ನು ತಟ್ಟೆಯ ಮೂಲೆಯಿಂದ ನಡುವಿಗೆ ತನ್ನಿ, ರೊಟ್ಟಿ ಒಂದು ಕಡಿಮೆ ಮಾಡಿ, ಮೊಸರು ಜಾಸ್ತಿ ಮಾಡಿ. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ ಅಂತ ಶೇಂಗಾ ಹಿಂಡಿ (ಚಟ್ನಿಪುಡಿ) ಬಟ್ಟಲುಗಟ್ಟಲೆ ತಿನ್ನಬೇಡಿ, ಅದೇ 100 ಗ್ರಾಂನಲ್ಲಿ 560 ಕ್ಯಾಲೊರಿಯೂ ಇದೆ. ಶ್ರಾವಣ ಸೋಮವಾರದ ಉಪವಾಸ, ರಂಜಾನ್ ರೋಜಾ ಇರುವ ತಿಂಗಳಲ್ಲಿ ಹೊಸದಾಗಿ ಶುರು ಮಾಡಲೇಬೇಡಿ.

ಹಾಗಾದರೆ ಗರಡಿ ಸಾಮು?

ನನ್ನ ಒಲವು ಇಲ್ಲೇ ಜಾಸ್ತಿ, ಮುಚ್ಚಿಡೋದಿಲ್ಲ. ದಂಡ (ಕೈ ಊರಿ ಮೈ ಇಳಿಸಿ ಎತ್ತೋದು), ಬಸ್ಕಿ, ಮರದ ಗದೆಗಳ ಜೋಡಿ ತಿರುಗಿಸೋದು, ಕಲ್ಲು ಎತ್ತೋದು, ಇವು ನಮ್ಮ ಕಡೆ ಇನ್ನೂ ಸತ್ತಿಲ್ಲ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ಇಟ್ಟರೆ ಈಗಲೂ ಜನ ಮುಗಿಬೀಳುತ್ತಾರೆ. ಆದರೆ ಒಂದು ಗಮನಿಸಿ, ಗರಡಿ ಮನೆಗೆ ಹೊಸದಾಗಿ ಬಂದ ಹುಡುಗನಿಗೆ ಉಸ್ತಾದ್ ಮೊದಲ ದಿನವೇ ದೊಡ್ಡ ಕಲ್ಲು ಮುಟ್ಟಲು ಬಿಡೋದಿಲ್ಲ. ಮೊದಲು ಮಣ್ಣು ಹದ ಮಾಡು, ಐದು ದಂಡ ಹೊಡೆ, ಹತ್ತು ಬಸ್ಕಿ ಹೊಡೆ. ಮುಂದಿನ ವಾರ ಎರಡು ಜಾಸ್ತಿ. ಅಷ್ಟೇ. ವಿಡಿಯೋ ಪ್ರೋಗ್ರಾಂಗಳಲ್ಲಿ ಇಲ್ಲದ್ದು ಇದೇ, ನಿಮ್ಮ ಮುಖ ನೋಡಿ ‘ಸಾಕು, ಇವತ್ತು ಬಿಡು’ ಅನ್ನುವ ಮನುಷ್ಯ.

ಮನೆಯಲ್ಲೂ ಇದನ್ನು ಮಾಡಬಹುದು. ದಂಡಕ್ಕೆ ಎದೆ, ಭುಜ, ಹೊಟ್ಟೆ ಎಲ್ಲ ಕೆಲಸ ಮಾಡುತ್ತವೆ. ಜಿಗಿತ ಇಲ್ಲ, ಸದ್ದಿಲ್ಲ, ಕೆಳಗಿನ ಮನೆ ಕಾಕಾ ಬರೋದಿಲ್ಲ. ಬಸ್ಕಿ ವಿಷಯದಲ್ಲಿ ಮಾತ್ರ ಹುಷಾರು. ಹಿಮ್ಮಡಿ ಎತ್ತಿ ಪೂರ್ತಿ ಕೆಳಗೆ ಕೂರುವ ಪೈಲ್ವಾನರ ಬಸ್ಕಿ ಮೊಣಕಾಲಿಗೆ ಭಾರ. ನಲವತ್ತು ದಾಟಿದವರು ಕುರ್ಚಿ ಮೇಲೆ ಕೂತು ಏಳೋದರಿಂದ ಶುರು ಮಾಡಿದರೆ ಸಾಕು. ಇನ್ನೊಂದು ಕೊರತೆ, ದಂಡ ಬಸ್ಕಿಯಲ್ಲಿ ತಳ್ಳೋದು ಇದೆ, ಎಳೆಯೋದು ಇಲ್ಲ. ಅದಕ್ಕೆ ಐದು ಲೀಟರ್ ಕ್ಯಾನ್‌ಗೆ ನೀರು ತುಂಬಿ, ಸೊಂಟ ಬಗ್ಗಿಸಿ ಬೆನ್ನು ನೇರ ಇಟ್ಟು, ಪಕ್ಕೆಯ ತನಕ ಎಳೆಯಿರಿ. ಐದು ಲೀಟರ್ ಅಂದರೆ ಐದು ಕೆಜಿ, ಡಂಬೆಲ್ ದುಡ್ಡು ಉಳಿಯಿತು. ವಾರಕ್ಕೆ ಮೂರು ದಿನ ಇಷ್ಟು, ಉಳಿದ ದಿನ ಸೂರ್ಯ ನಮಸ್ಕಾರವೋ ವಾಕಿಂಗೋ. ಬಾಗಲಕೋಟೆ ನವನಗರದಲ್ಲಿರುವ ನಮ್ಮ ವೈನಿ ಮಾಡುವುದು ಇದೇ, ಮಕ್ಕಳ ಟಿಫಿನ್ ಡಬ್ಬಿ ಕಟ್ಟಿ ಕಳಿಸಿದ ಮೇಲೆ ಅರ್ಧ ಗಂಟೆ. ಕ್ಯಾನ್ ಕೆಳಗಿಟ್ಟು ಅದೇ ನೀರು ಗಿಡಕ್ಕೆ ಹಾಕುತ್ತಾರೆ.

ಜಿಮ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ತಪ್ಪು ತಿದ್ದುವ ಟ್ರೇನರ್ ಇದ್ದು, ಮನೆಯಿಂದ ಹತ್ತು ನಿಮಿಷದೊಳಗೆ ಇದ್ದರೆ, ಮೈಕಟ್ಟು ಬೇಕು ಅನ್ನುವ ಹುಡುಗ ಹುಡುಗಿಯರಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ, ಮೊದಲು ಒಂದು ತಿಂಗಳು ನೋಡಿ. ಮೊದಲ ವಾರವೇ ಪೌಡರ್ ಡಬ್ಬಿ ಮಾರಲು ಬಂದರೆ ಬೇರೆ ಜಿಮ್ ನೋಡಿ.

ವಾಕಿಂಗ್ ಮತ್ತು ಸೈಕಲ್ ಅನ್ನು ಕೀಳಾಗಿ ನೋಡುವವರು ಜಾಸ್ತಿ. ದೇಶಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಊರುಗಳು ವಿಜಯಪುರ, ಬಾಗಲಕೋಟೆ. ಹೈವೇ ಬದಿಯಲ್ಲಿ ಬೆಳಗಿನ ಹೊತ್ತು ಸಾಲಾಗಿ ಹೋಗುವ ಹುಡುಗರ ಕಾಲು ನೋಡಿ, ಆಮೇಲೆ ಹೇಳಿ. ಎಷ್ಟೋ ವರ್ಷದಿಂದ ಏನೂ ಮಾಡದವರಿಗೆ ಶುರುವಾತು ಇಲ್ಲಿಂದಲೇ ಆಗಬೇಕು. ಕಡಿಮೆ ಬೀಳೋದು ಒಂದೇ, ತೋಳು ಬೆನ್ನಿಗೆ ಬಲ ಬರೋದಿಲ್ಲ. ಅದಕ್ಕೆ ವಾರಕ್ಕೆ ಎರಡು ದಿನ ಮೇಲಿನ ದಂಡ, ಕ್ಯಾನ್ ಸೇರಿಸಿ.

ಇವರು ಡಾಕ್ಟರನ್ನು ಕೇಳದೆ ಬೇಡ

ಬಿಪಿ ಇದೆ, ಹೃದಯದ ತೊಂದರೆ ಇದೆ, ನಡೆಯುವಾಗ ಎದೆ ಬಿಗಿಯುತ್ತದೆ, ತಲೆ ಸುತ್ತು ಬರುತ್ತದೆ, ಮೊಣಕಾಲು ಮೊದಲೇ ಊದುತ್ತದೆ, ಗರ್ಭಿಣಿ ಅಥವಾ ಬಾಣಂತಿ, ಇವರೆಲ್ಲ ಮೊದಲು ಡಾಕ್ಟರ್ ಹತ್ತಿರ ಹೋಗಿ. ಇನ್ಸುಲಿನ್ ತಗೊಳ್ಳುವವರು, ಕೆಲವು ಶುಗರ್ ಮಾತ್ರೆ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಜೋರು ಮಾಡಿದರೆ ಶುಗರ್ ಒಮ್ಮೆಲೇ ಇಳಿದು ಕುಸಿಯಬಹುದು. ಬಿಪಿ ಇರುವವರು ಭಾರ ಎತ್ತುವಾಗ ಉಸಿರು ಹಿಡಿಯಬಾರದು.

ಹೊಸದಾಗಿ ಮಾಡಿದ ಮೇಲೆ ಮೈ ನೋವು ಬರೋದು ಸಹಜ. ಒಂದರಿಂದ ಮೂರನೇ ದಿನದವರೆಗೆ ಜಾಸ್ತಿ ಇದ್ದು ಆಮೇಲೆ ಇಳಿಯುತ್ತದೆ. ಆದರೆ ನೋವು ತಡೆಯಲಾರದಷ್ಟು ಆಗಿ, ಸ್ನಾಯು ಊದಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುವ ಸ್ಥಿತಿ ಅದು. ಅದೇ ದಿನ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಬಹಳ ದಿನ ಬಿಟ್ಟು ಒಮ್ಮೆಲೇ ಮೈಮುರಿಯುವಷ್ಟು ಮಾಡುವವರಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಆಗುತ್ತದೆ.

ಇನ್ನೂ ಗೊಂದಲ ಇದ್ದರೆ ಎರಡು ವಾರ ಕೊಡಿ

ಪ್ರೋಗ್ರಾಂನ ಮೊದಲ ದಿನದ ವಿಡಿಯೋ ಮಾತ್ರ ತಗೊಳ್ಳಿ. ಒಂದು ದಿನ ಬಿಟ್ಟು ಒಂದು ದಿನ, ಅರ್ಧ ವಿಡಿಯೋ, ಜಿಗಿತ ಬಂದ ಕಡೆ ಜಿಗಿಯದೆ ಕಾಲು ಬದಲಿಸುತ್ತಾ ಮಾಡಿ. ಮಾಡುವಾಗ ಎರಡು ಮೂರು ಶಬ್ದಕ್ಕಿಂತ ಜಾಸ್ತಿ ಮಾತಾಡಲು ಆಗದಿದ್ದರೆ ನಿಮ್ಮ ಮಟ್ಟಿಗೆ ಅದು ಜೋರಿನದ್ದೇ, ಪಕ್ಕದವರು ಏನು ಮಾಡುತ್ತಾರೆ ಅನ್ನೋದು ಬೇಡ. ಮಾರನೇ ದಿನ ನೋಡಬೇಕಾದ್ದು ಇಷ್ಟು. ಪಾಯಖಾನೆಯಲ್ಲಿ ಗೋಡೆ ಹಿಡಿಯದೆ ಕೂತು ಏಳಲು ಆಗುತ್ತದಾ? ಮೆಟ್ಟಿಲು ಇಳಿಯುವಾಗ ಮೊಣಚಿಪ್ಪಿನ ಕೆಳಗೆ ಚುಚ್ಚುತ್ತದಾ? ರಾತ್ರಿ ನಿದ್ದೆ ಚೆನ್ನಾಗಿ ಬಂತಾ? ಮತ್ತೆ, ಈ ಎರಡು ವಾರದಲ್ಲಿ ಎಷ್ಟು ದಿನ ತಪ್ಪಿಸಿದಿರಿ, ಯಾಕೆ?

ತೊಡೆ ಹಿಡಿದುಕೊಂಡಿದೆ ಅಂದರೆ ಚಿಂತೆ ಇಲ್ಲ, ಕೀಲು ಚುಚ್ಚುತ್ತಿದೆ ಅಂದರೆ ನಿಲ್ಲಿಸಿ. ಒಂದೆರಡು ದಿನ ತಪ್ಪಿದ್ದರೆ ಪರವಾಗಿಲ್ಲ. ಅರ್ಧಕ್ಕರ್ಧ ದಿನ ತಪ್ಪಿದ್ದರೆ, ಒಂದು ದಿನ ಬಿಟ್ಟು ಒಂದು ದಿನ ಸಿಗದ ಅರ್ಧ ಗಂಟೆ ವಾರಕ್ಕೆ ಆರು ದಿನ ಒಂದು ಗಂಟೆಯಾಗಿ ಎಲ್ಲಿಂದ ಬರುತ್ತದೆ? ಇಂಥವರು ವಾರಕ್ಕೆ ಮೂರು ದಿನದ ದಂಡ ಬಸ್ಕಿಗೆ ಹೋಗಿ. ಆರಾಮಾಗಿ ಮುಗಿಸಿದವರು 60 ದಿನದ್ದೋ 90 ದಿನದ್ದೋ ಹಿಡಿಯಿರಿ, ಅದರಲ್ಲೂ ಸಲಕರಣೆ ಇರುವ ಪಿ90ಎಕ್ಸ್ ಥರದ್ದು ಮೊಣಕಾಲಿಗೆ ಇನ್‌ಸ್ಯಾನಿಟಿಗಿಂತ ಮೆತ್ತಗೆ ಅನ್ನೋದು ನೆನಪಿರಲಿ. ಹೊಲದಲ್ಲಿ ದಿನವಿಡೀ ದುಡಿಯುವವರು ನನ್ನನ್ನು ಕೇಳಿದರೆ ಇವೆರಡೂ ಬೇಡ, ಸಂಜೆ ಹತ್ತು ನಿಮಿಷ ಸೊಂಟ, ತೊಡೆ ಎಳೆದು ಬಿಡುವ ಆಸನ ಸಾಕು ಅನ್ನುತ್ತೇನೆ.

ಖರೀದಿ ಮಾಡೋದಿದ್ದರೆ ಮೊದಲು ಶೂ, ಆಮೇಲೆ ಜಾರದ ದಪ್ಪ ರಬ್ಬರ್ ಮ್ಯಾಟ್, ಡಂಬೆಲ್ ಕಡೆಗೆ. ಬಾಗಿಲಿಗೆ ಸಿಕ್ಕಿಸುವ ರಾಡ್ ಆರ್ಡರ್ ಮಾಡುವ ಮುಂಚೆ ಚೌಕಟ್ಟು ಅಲುಗಾಡಿಸಿ ನೋಡಿ. ಹಳೆ ಮನೆಯ ಸಾಗವಾನಿ ಚೌಕಟ್ಟು ತಡೆಯಬಹುದು, ಈಗಿನ ತೆಳು ಫ್ರೇಮ್ ಗಾರೆ ಸಮೇತ ಕಿತ್ತು ಬಂದರೆ ಮನೆ ಮಾಲೀಕರು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ.